ಅಕ್ಕನ ಒದ್ದೆ ಟೆಂಟು

ಮಳೆಗೆ ಹೆದರುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆದರೆ ಮಳೆಯ ಮೇಲೆ ಹಲ್ಲು ಮಸೆಯುವವರು ಇಡೀ ಪುಣೆಯಲ್ಲಿ ಒಬ್ಬರೇ ಇರಬೇಕು, ಮತ್ತು ಅವರು ಇರುವುದು ಕೊಂಢವಾ ಬಡಾವಣೆಯ ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ, ಸರಿಯಾಗಿ ನನ್ನ ತಲೆಯ ಮೇಲೆ! ನಾನು ಎರಡನೇ ಮಹಡಿಯ ಬಾಡಿಗೆದಾರಳು. ಎದುರಿಗೆ ‘ಅಕ್ಕಾ, ನೀವು’ ಎಂದೇ ಅನ್ನುತ್ತೇನೆ. ಬರೆಯಲು ಕೂತರೆ ಮಾತ್ರ ಏಕವಚನ ಬರುತ್ತದೆ. ಅಕ್ಕ ಮೊಬೈಲಿನಲ್ಲಿ ಅಡುಗೆಯ ವೀಡಿಯೊ ಬಿಟ್ಟು ಬೇರೇನನ್ನೂ ನೋಡುವುದಿಲ್ಲವಾದ್ದರಿಂದ ನನಗೆ ಈ ಧೈರ್ಯ.

ಈ ಅಕ್ಕನಿಗೆ ರಸ್ತೆ ದಾಟಿ ಕಿರಾಣಿ ಅಂಗಡಿಗೆ ಹೋಗುವುದಕ್ಕೂ ಛತ್ರಿ ಬೇಕು. ಛತ್ರಿಯ ಕೆಳಗೆ ತಲೆಗೊಂದು ಪ್ಲಾಸ್ಟಿಕ್ ಚೀಲ. ತಂದ ಸಕ್ಕರೆಗೊಂದು ಚೀಲ, ಆ ಚೀಲ ಒದ್ದೆಯಾಗದಿರಲಿ ಎಂದು ಅದರ ಮೇಲೆ ಇನ್ನೊಂದು. ಡಾಂಬರು ಮೆತ್ತಗಾಗುವ ಮೇ ತಿಂಗಳಲ್ಲೂ ಕಂಕುಳಲ್ಲಿ ಛತ್ರಿ ಇರುತ್ತದೆ. ಬಿಸಿಲಿಗಾ ಎಂದು ಒಮ್ಮೆ ಕೇಳಿ ಬೈಸಿಕೊಂಡಿದ್ದೆ. ಕಲಬುರ್ಗಿ ಕಡೆಯ ಹೆಂಗಸಿಗೆ ಬಿಸಿಲಿನ ಭಯವಿದೆ ಎಂದು ಅನುಮಾನಪಡುವುದೇ?

“ನಮ್ಮ ಕಡಿ ಮಳಿ ಹೇಳಿ ಕೇಳಿ ಬರ್ತದ ತಂಗಿ. ಬಂದು, ತನ್ನ ಕೆಲಸ ಮುಗಿಸಿ ಹೋಗ್ತದ. ಇಲ್ಲಿ ಮಳಿಗೆ ಮರ್ಯಾದಿನೇ ಇಲ್ಲ. ಬೀಗರ ಹಂಗ ಬಂದು ಕುಂದರ್ತದ,” ಎನ್ನುವುದು ಅವಳ ತೀರ್ಪು.

ಆದರೆ ಅವಳ ಸಿಟ್ಟಿಗೆ ನಿಜವಾದ ಕಾರಣ ಮಳೆಯೂ ಅಲ್ಲ, ಪುಣೆಯೂ ಅಲ್ಲ. ಒಂದು ಟೆಂಟು.

ಆ ಟೆಂಟಿನ ಪರಿಚಯ ನನಗಾದದ್ದು ಜಗಳದ ನೆಪದಲ್ಲಿ. ಈ ಮನೆಗೆ ಬಂದ ಹೊಸತು, ಜೋರು ಮಳೆಗಾಲ. ದಿನಗಟ್ಟಲೆ ಒಣಗದೆ, ಇನ್ನೇನು ಒಣಗೀತು ಎಂಬ ಆಸೆ ಹುಟ್ಟಿಸಿದ್ದ ನನ್ನ ಬಟ್ಟೆಗಳ ಮೇಲೆ ಒಂದು ಭಾನುವಾರ ಮೇಲಿನಿಂದ ತೊಟತೊಟ ನೀರು. ನಾನು ತುಮಕೂರಿನವಳು, ಸಿಟ್ಟು ಬರುವುದು ನಿಧಾನ, ಬಂದರೆ ಮೆಟ್ಟಿಲು ಹತ್ತಿಯೇ ಹತ್ತುತ್ತೇನೆ. ಆಡಬೇಕಾದ ಮಾತುಗಳನ್ನು ಹಿಂದಿಯಲ್ಲಿ ಜೋಡಿಸಿಕೊಂಡು ಹೋಗಿ ಬಾಗಿಲು ಬಡಿದೆ. ಚಿಲಕ ಹಾಕಿರದ ಬಾಗಿಲು ತಾನೇ ತೆರೆಯಿತು. ಆದರೆ ಒಳಗೆ ಮನೆಯೇ ಇರಲಿಲ್ಲ! ಕಿಟಕಿಯ ಸರಳಿನಿಂದ ಅಡುಗೆಮನೆಯ ಬಾಗಿಲಿನ ಮೊಳೆಗೆ ಹಗ್ಗ ಕಟ್ಟಿ, ಕಿತ್ತಳೆ ಬಣ್ಣದ ಅಗಾಧವಾದ ಒದ್ದೆ ಬಟ್ಟೆಯೊಂದನ್ನು ಹರಡಿದ್ದರು. ಇಡೀ ನಡುಮನೆ ಅದರ ಹೊಟ್ಟೆಯೊಳಗಿತ್ತು, ಅದರ ನೀರು ಬಾಲ್ಕನಿಗೆ ಹರಿದು ಕೆಳಗೆ ನನ್ನ ಬಟ್ಟೆಗಳ ಮೇಲೆ ಇಳಿಯುತ್ತಿತ್ತು.

“ಬರ್ರಿ, ಬಗ್ಗಿ ಬರ್ರಿ,” ಎಂದು ಬಟ್ಟೆಯ ಆಚೆಯಿಂದ ಕನ್ನಡದಲ್ಲಿ ದನಿ ಬಂತು.

ಬಗ್ಗಿದೆ. ಸಾಲಲಿಲ್ಲ. ಮಂಡಿಯೂರಿ, ಅಂಗೈ ಊರಿ, ಆಚೆ ತಲೆ ಹಾಕಿದರೆ ಗಂಡ ಹೆಂಡತಿ ಚಕ್ಕಳಮಕ್ಕಳ ಹಾಕಿಕೊಂಡು ರೊಟ್ಟಿ ತಿನ್ನುತ್ತಿದ್ದಾರೆ. ಅಂಬೆಗಾಲಿನಲ್ಲಿ ಬಂದು ಜಗಳವಾಡಿದವರು ಲೋಕದಲ್ಲಿ ಯಾರಾದರೂ ಇದ್ದಾರೆಯೇ? ನನಗೂ ಒಂದು ತಟ್ಟೆ ಬಂತು. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಅಂದಿನಿಂದ ನನ್ನ ಮಳೆಗಾಲದ ಭಾನುವಾರದ ಊಟ ಆ ಟೆಂಟಿನ ಕೆಳಗೇ ಆಯಿತು.

ಅಕ್ಕನ ಗಂಡ ಅಂದಮೇಲೆ ನನಗೆ ಭಾವ. ಭಾವನಿಗೆ ತಳೇಗಾಂವದ ಒಂದು ಕಾರ್ಖಾನೆಯಲ್ಲಿ ಕೆಲಸ. ವಾರವೆಲ್ಲ ಬೆಳಗ್ಗೆ ಕಂಪನಿ ಬಸ್ಸು ಹತ್ತಿ ಹೋಗಿ, ಸಂಜೆ ಅದೇ ಬಸ್ಸಿನಲ್ಲಿ ಬಂದು, ಯಾರಿಗೂ ಎದುರಾಡದೆ ಬದುಕುವ ಮನುಷ್ಯ. ಮಳೆಗಾಲದ ಶನಿವಾರ ಬಂತೆಂದರೆ ಮಾತ್ರ ಪಾಳಿ ಮುಗಿದದ್ದೇ ಬೆನ್ನಿಗೆ ಟೆಂಟು ಏರಿಸಿಕೊಂಡು ಅಲ್ಲಿಂದಲೇ ಮಾವಳದ ಗುಡ್ಡಗಳ ಕಡೆಗೆ ನಡೆದುಬಿಡುತ್ತಿದ್ದರು, ಒಬ್ಬರೇ. ಭಾನುವಾರ ಮಧ್ಯಾಹ್ನ, ಹಿಂಡಿದರೆ ಒಂದು ಕೊಡ ನೀರು ಬರುವಷ್ಟು ತೊಯ್ದು, ಮುಖದ ತುಂಬ ನಗುವಿಟ್ಟುಕೊಂಡು ಮನೆಗೆ ಬರುತ್ತಿದ್ದರು.

ಆಮೇಲಿನದೆಲ್ಲ ಅಕ್ಕನ ಕಾರುಬಾರು. ಮೊದಲು ಗಂಡನಿಗೆ ಬೈಗುಳ, ಆಮೇಲೆ ಟವೆಲು. ಟೆಂಟಿಗೆ ಬಚ್ಚಲಲ್ಲಿ ಬಕೀಟು ತುಂಬ ನೀರು, ಎರಡು ಮುಷ್ಟಿ ಸೋಪಿನ ಪುಡಿ, ಬಟ್ಟೆ ತಿಕ್ಕುವ ಬ್ರಶ್ಶು. ಮೊಣಕಾಲ ಮೇಲೆ ಸೀರೆ ಸಿಕ್ಕಿಸಿಕೊಂಡು ಅವಳು ಆ ಬಟ್ಟೆಯನ್ನು ತಿಕ್ಕುವುದನ್ನು ನೋಡಿದರೆ ನೋಡಿದವರ ಮೈ ಉರಿಯಬೇಕು. “ಎಷ್ಟ ತಿಕ್ಕಿದ್ರೂ ಆ ಗುಡ್ಡದ ವಾಸನಿ ಹೋಗವಲ್ದು ನೋಡು,” ಎಂದು ಪ್ರತಿ ವಾರ ಗೊಣಗುತ್ತಿದ್ದಳು. ಭಾವ ಚಹದ ಕಪ್ಪು ಹಿಡಿದು ಬಚ್ಚಲ ಬಾಗಿಲಿಗೆ ಒರಗಿ, ಭಾಳ ಸ್ವಚ್ಛ ಆಗ್ಯಾದ ಎಂದು ಶಹಭಾಸ್ ಕೊಡುತ್ತಿದ್ದರು. ಅಕ್ಕ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳಾದ್ದರಿಂದ ಟೆಂಟು ಹರಿದಲ್ಲೆಲ್ಲ ಉಳಿದ ಬ್ಲೌಸ್ ಬಟ್ಟೆಯ ತೇಪೆ. ಒಂದು ಮೂಲೆಯಲ್ಲಿ ಗಿಳಿಹಸಿರು, ಇನ್ನೊಂದರಲ್ಲಿ ಜರಿಯಂಚು. ಸಹ್ಯಾದ್ರಿಯಲ್ಲಿ ಜರಿಯಂಚಿನ ಟೆಂಟು ಅದೊಂದೇ ಇದ್ದಿರಬೇಕು!

“ಇದು ನನ್ನ ಸವತಿ,” ಎಂದು ಅದನ್ನು ಹಗ್ಗದ ಮೇಲೆ ಹರಡುತ್ತಾ ಅಕ್ಕ ಹೇಳುವುದಿತ್ತು. “ಶನಿವಾರ ಇದರ ಕೂಡ ಹೋಗಿ ಮಲಗ್ತಾರ. ರವಿವಾರ ನಾ ಇದರ ಆರೈಕಿ ಮಾಡಬೇಕು.” ತನ್ನನ್ನೂ ಕರೆದುಕೊಂಡು ಹೋಗಿ ಎಂದು ಅವಳು ಗಂಡನನ್ನು ಕೇಳಿದ್ದಳಂತೆ. ಟೆಂಟಿನಲ್ಲಿ ಜಾಗ ಸಾಲುವುದಿಲ್ಲ ಎಂದಿದ್ದರಂತೆ. ಇಡೀ ನಡುಮನೆ ನುಂಗುವ ಟೆಂಟಿನಲ್ಲಿ ಹೆಂಡತಿಗೆ ಜಾಗವಿಲ್ಲವೇ ಎಂದು ಅವಳು ನನ್ನ ಮುಂದೆ ಅದನ್ನು ಅಳೆದು ತೋರಿಸಿದ್ದಳು. ಭಾವ ರೊಟ್ಟಿ ಮುರಿಯುತ್ತಾ ನಕ್ಕಿದ್ದರು, ಅಷ್ಟೆ.

ಹೋದ ಚಳಿಗಾಲದಲ್ಲಿ ಭಾವ ತೀರಿಕೊಂಡರು. ಬೆಳಗ್ಗೆ ಕಂಪನಿ ಬಸ್ಸಿಗೆ ಕಾಯುತ್ತಾ ನಿಂತವರು ಅಲ್ಲೇ ಕುಸಿದು ಕೂತರಂತೆ. ಹೃದಯ ನಿಂತಿತ್ತು. ಗಾಳಿ ಮಳೆಗೆ ಎದೆಯೊಡ್ಡಿ ಗುಡ್ಡದಲ್ಲಿ ಮಲಗುತ್ತಿದ್ದ ಮನುಷ್ಯ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಣ ಬಿಸಿಲಲ್ಲಿ, ಮನೆಯ ಬಾಲ್ಕನಿಯಿಂದ ಕಾಣುವಷ್ಟು ಹತ್ತಿರದಲ್ಲಿ ಹೋಗಿಬಿಟ್ಟರು.

ಊರಿನಿಂದ ಬಂದವರು ಅತ್ತರು, ಕರೆದರು, ಹೊರಟುಹೋದರು. ಮಕ್ಕಳಿಲ್ಲ, ಒಬ್ಬಳೇ ಏನು ಮಾಡುತ್ತೀ ಎಂದು ಎಲ್ಲರೂ ಕೇಳಿದರು. ಬ್ಲೌಸ್ ಹೊಲಿಯುತ್ತೇನೆ ಎಂದಳು ಅಕ್ಕ. ಯಾರ ಎದುರಿಗೂ ಅವಳು ಅಳಲಿಲ್ಲ. ಗಟ್ಟಿ ಹೆಂಗಸು ಎಂದರು ಕೆಲವರು. ಇನ್ನು ಕೆಲವರು ಬೇರೇನೋ ಅಂದರು. ನನಗಂತೂ ಅವಳು ಅತ್ತಿದ್ದರೆ ಚೆನ್ನಾಗಿತ್ತು ಎನಿಸುತ್ತಿತ್ತು. ಹೊಲಿಗೆ ಯಂತ್ರದ ಸದ್ದು ನನ್ನ ತಲೆಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ನಿಲ್ಲದೆ ಓಡುತ್ತಿತ್ತು.

ಮಳೆಗಾಲ ಬಂತು. ಮೊದಲ ಜೋರು ಮಳೆಯ ವಾರ ಕಳೆದು, ಒಂದು ಭಾನುವಾರ ನನ್ನ ಬಟ್ಟೆಗಳ ಮೇಲೆ ತೊಟತೊಟ ನೀರು! ಭಾವ ಬಂದರು ಎಂದೇ ಒಂದು ಗಳಿಗೆ ಅನಿಸಿದ್ದು ಸುಳ್ಳಲ್ಲ. ಓಡಿಹೋಗಿ ನೋಡಿದರೆ ನಡುಮನೆಯಲ್ಲಿ ಕಿತ್ತಳೆ ಟೆಂಟು ಹರಡಿದೆ. ಅಭ್ಯಾಸಬಲದಿಂದ ಬಗ್ಗಿಯೇ ಒಳಗೆ ಹೋದೆ. ಅಕ್ಕ ಅದರ ಕೆಳಗೆ ಒಬ್ಬಳೇ ಕೂತಿದ್ದಳು. ಅಟ್ಟದಿಂದ ಇಳಿಸಿ, ಬಕೀಟಿನಲ್ಲಿ ಅದ್ದಿ, ಹಿಂಡಿ ಹಾಕಿದ್ದಳು.

“ನಳದ ನೀರಿಗೆ ಆ ವಾಸನಿ ಬರವಲ್ದು ತಂಗಿ,” ಎಂದಳು. “ಬರೇ ಸೋಪಿಂದು ಬರ್ಲಿಕತ್ತದ. ಇದು ಖರೇನ ಗುಡ್ಡದ ಮಳ್ಯಾಗ ತೊಯ್ಬೇಕು.”

ಹೀಗೆ, ಛತ್ರಿ ಇಲ್ಲದೆ ಕಿರಾಣಿ ಅಂಗಡಿಗೆ ಹೋಗದ ಹೆಂಗಸು ಮಳೆಯಲ್ಲಿ ನೆನೆಯುವುದಕ್ಕೆಂದೇ ಗುಡ್ಡ ಹತ್ತಲು ಹೊರಟಳು. ಜೊತೆಗೆ ಯಾರು? ಇನ್ಯಾರು!

ಅದನ್ನು ತಪ್ಪಿಸಲು ನಾನು ಸುಮ್ಮನಿರಲಿಲ್ಲ. ಗುಡ್ಡ ತಾನೇ ಬೇಕು, ಜೇಜುರಿಗೆ ಹೋಗೋಣ. ಖಂಡೋಬನ ದರ್ಶನವೂ ಆಗುತ್ತದೆ, ನಿಮ್ಮ ಕಡೆಯ ಮಂದಿಯೂ ಸಿಗುತ್ತಾರೆ ಎಂದೆ. ಅಲ್ಲಿ ಮೆಟ್ಟಿಲಿದೆ, ಮಂಟಪವಿದೆ, ದೇವರಿಗೆ ತಲೆಯ ಮೇಲೆ ಸೂರಿದೆ, ತನಗೆ ಸೂರಿಲ್ಲದ ಗುಡ್ಡ ಬೇಕು ಎಂದಳು. ನಾನು ಆಫೀಸಿನ ಕೆಲಸವನ್ನು ಮುಂದೆ ಮಾಡಿದೆ. ಶನಿವಾರ ನಿನಗೆ ರಜೆ ಎಂದಳು. ತಲೆಯ ಮೇಲೆಯೇ ವಾಸಿಸುವವರಿಗೆ ಸುಳ್ಳು ಹೇಳಿ ಯಾರು ಬದುಕಿದ್ದಾರೆ?

ಶನಿವಾರದ ಅವಳ ಅವತಾರವನ್ನು ನೀವು ನೋಡಬೇಕಿತ್ತು. ಸೀರೆಯ ಮೇಲೆ ಭಾವನ ರೇನ್‌ಕೋಟು, ಮೊಣಕಾಲು ದಾಟಿ ಇಳಿದದ್ದು. ಕಾಲಿಗೆ ಭಾವನ ಬೂಟು, ತುದಿಗೆ ಬ್ಲೌಸ್ ಬಟ್ಟೆ ತುರುಕಿ ಅಳತೆಗೆ ತಂದದ್ದು. ರೊಟ್ಟಿಗೆ ಪ್ಲಾಸ್ಟಿಕ್ಕು, ಬೆಂಕಿಪೊಟ್ಟಣಕ್ಕೆ ಪ್ಲಾಸ್ಟಿಕ್ಕು, ಛತ್ರಿಗೂ ಒಂದು ಪ್ಲಾಸ್ಟಿಕ್ಕು! ಮುಚ್ಚದೆ ಉಳಿದದ್ದು ಟೆಂಟು ಮಾತ್ರ. ಅದನ್ನು ಬೆನ್ನಿಗೆ ಹಾಕಿಕೊಂಡಳು. ನಾನು ಹೊರುತ್ತೇನೆ ಎಂದರೆ ಕೊಡಲಿಲ್ಲ.

ಆದರೆ ಮಳೆ ಎಲ್ಲಿ? ವಾರವೆಲ್ಲ ಪುಣೆಯ ರಸ್ತೆಗಳನ್ನು ಹೊಳೆ ಮಾಡಿದ ಮಳೆರಾಯ ಅಂದು ರಜೆ ಹಾಕಿದ್ದ. ಅಚ್ಚ ಬಿಸಿಲು. ಜನ ಬಾಲ್ಕನಿಗಳಲ್ಲಿ ಗಾದಿ ಒಣಗಿಸುತ್ತಿದ್ದರು. ನಾನು ಒಳಗೊಳಗೇ ಹಿಗ್ಗಿದೆ. ಅಕ್ಕ ಮುಖ ಊದಿಸಿಕೊಂಡಳು. ತಳೇಗಾಂವದಿಂದ ಹತ್ತಿದ ಜೀಪಿನ ಚಾಲಕ ಅವಳ ರೇನ್‌ಕೋಟನ್ನು ಕನ್ನಡಿಯಲ್ಲಿ ನೋಡಿ ನೋಡಿ, ಕಡೆಗೆ ತಡೆಯಲಾರದೆ, ಚಿಕ್ಕಮ್ಮಾ ಎನ್ನುವ ಹಾಗೆ ಮಾವಶಿ ಎಂದು ಕರೆದು, ಇಂಥ ಬಿಸಿಲಿನಲ್ಲಿ ಇದೆಲ್ಲ ಯಾಕೆ ಎಂದು ಮರಾಠಿಯಲ್ಲಿ ಕೇಳಿದ. ಮಳೆ ನೋಡಲಿಕ್ಕೆ ಹೊರಟಿದ್ದೇನೆ ಎಂದಳು ಅಕ್ಕ. ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿದ. ನಾನು ಕಿಟಕಿಯ ಹೊರಗೆ ನೋಡಿದೆ.

ಗುಡ್ಡದ ಬುಡದಲ್ಲಿ ಒಂದು ಮಾವಿನ ಮರ, ಮರದ ಕೆಳಗೆ ತಗಡಿನ ಚಹದಂಗಡಿ. ಅಂಗಡಿ ನಡೆಸುವ ಮಾವಶಿ, ಒಂದು ದಿನದ ಮಟ್ಟಿಗೆ ಬಂದ ಹುಡುಗರ ಗುಂಪಿಗೆ ಭಜಿ ಕರಿಯುವ ಗಡಿಬಿಡಿಯಲ್ಲಿದ್ದಳು. ನಾವು ಮೇಲೆಯೇ ಮಲಗುತ್ತೇವೆಂದು ತಿಳಿದು, ಮೇಲೆ ಗಾಳಿ ಬಹಳ, ನಮ್ಮ ಪಡಸಾಲೆಯಲ್ಲೇ ಇರಿ ಎಂದು ಜಾಲರಿ ಸೌಟೆತ್ತಿ ಕೂಗಿದಳು. ನನಗೆ ಅವಳು ಸಾಕ್ಷಾತ್ ದೇವತೆಯ ಹಾಗೆ ಕಂಡಳು. ಅಕ್ಕ ನಕೋ ಎಂದು ಕೈಯಾಡಿಸಿ, ಮರದ ಹಿಂದಿನ ಕಾಲುದಾರಿ ಹಿಡಿದಳು.

ಇಲ್ಲಿಂದ ಮುಂದೆ ನಡೆದದ್ದು ನನಗೆ ಇವತ್ತಿಗೂ ಅಚ್ಚರಿ. ನನ್ನ ಮೊಬೈಲಿನ ನಕ್ಷೆ ನೆಟ್‌ವರ್ಕ್ ಇಲ್ಲದೆ ಕಣ್ಣುಮುಚ್ಚಿತ್ತು. ಆ ಗುಡ್ಡಕ್ಕೆ ಹುಟ್ಟಿದಾರಭ್ಯ ಕಾಲಿಡದ ಅಕ್ಕ ಮುಂದೆ ನಡೆಯುತ್ತಾ, ಈಗೊಂದು ಸೀಳಿದ ಕಲ್ಲು ಬರ್ತದ ಎನ್ನುತ್ತಿದ್ದಳು. ಬರುತ್ತಿತ್ತು. ಇಲ್ಲಿ ಬಲಕ್ಕ ನೀರಿನ ತೊಟ್ಟಿ ಎನ್ನುತ್ತಿದ್ದಳು. ಇರುತ್ತಿತ್ತು. ಭಾನುವಾರಗಳಲ್ಲಿ ಬಟ್ಟೆ ತಿಕ್ಕುತ್ತಾ, ಬೈಯುತ್ತಾ, ನನಗೇನು ಹೇಳುತ್ತೀರಿ ಎಂದು ಸಿಡುಕುತ್ತಾ ಭಾವನ ಬಾಯಿಂದ ಕೇಳಿಸಿಕೊಂಡ ದಾರಿಯ ವಿವರ ಒಂದೂ ಅವಳಿಗೆ ಮರೆತಿರಲಿಲ್ಲ. ಅವಳು ಕೇಳಿಸಿಕೊಳ್ಳುತ್ತಿದ್ದಾಳೆಂದು ಭಾವನಿಗೆ ಗೊತ್ತಿತ್ತೋ ಇಲ್ಲವೋ. ಇತ್ತು ಎಂದುಕೊಳ್ಳುವುದು ನನಗೆ ಇಷ್ಟ.

ಮೇಲಿನ ಬಯಲು ತಲುಪುವಾಗ ಗಾಳಿ ಎದ್ದಿತು. ಕಣಿವೆಯೊಳಗಿಂದ ಮಂಜು ಏರಿ ಬಂದು ನಮ್ಮ ಕಾಲುಗಳನ್ನೇ ಅಳಿಸಿಹಾಕಿತು. ಅಕ್ಕ ಅಭ್ಯಾಸಕ್ಕೆ ಛತ್ರಿ ಬಿಚ್ಚಿದಳು. ಅದು ಒಮ್ಮೆ ಉಲ್ಟಾ ಆಗಿ, ಇನ್ನೊಮ್ಮೆ ಸುಲ್ಟಾ ಆಗಿ, ಮೂರನೆಯದಕ್ಕೆ ಕಾಯದೆ ಅವಳ ಕೈ ಬಿಟ್ಟು ಕಣಿವೆಗೆ ಹಾರಿತು. ಮನೆಯ ಹೊರಗೆ ಛತ್ರಿಯಿಲ್ಲದ ಅಕ್ಕನನ್ನು ನಾನು ಕಂಡದ್ದು ಅದೇ ಮೊದಲು. ಅವಳು ಅದರತ್ತ ನೋಡಲೂ ಇಲ್ಲ. ಮೊದಲ ಹನಿಗಳು ಬಿದ್ದಿದ್ದವು. ಬೆನ್ನಿನ ಟೆಂಟನ್ನು ಮುಟ್ಟಿ ನೋಡಿ, ತೊಯ್ಲಿಕತ್ತದ ಎಂದಳು, ಗುಟ್ಟು ಹೇಳುವವಳ ಹಾಗೆ.

ಬಯಲಿನ ಅಂಚಿನಲ್ಲಿ ಒಂದು ಹಳೆಯ ಗುಡಿ, ಮೇಲೆ ತಗಡಿನ ಸೂರು. ನಾನು ಅದರ ಕಂಬವೊಂದನ್ನು ಅಪ್ಪಿಕೊಂಡು ನಿಂತೆ.

“ಅಕ್ಕಾ, ಪ್ಲೀಸ್, ಇಲ್ಲೇ ಹಾಕೋಣ. ಹೊರಗಡೆ ವರ್ಕ್ ಆಗಲ್ಲ,” ಎಂದೆ.

“ನೀ ಬೇಕಾದ್ರ ಒಳಗ ಮಲ್ಕೋ. ಟೆಂಟ್ ಹೊರಗ ಇರ್ತದ,” ಎಂದಳು.

ಟೆಂಟು ಹೊರಗಿದ್ದರೆ ಅಕ್ಕನೂ ಹೊರಗೆ. ಅಕ್ಕ ಹೊರಗಿದ್ದರೆ ನಾನು? ಕಂಬ ಬಿಟ್ಟೆ.

ಇನ್ನು ಟೆಂಟು ನಿಲ್ಲಿಸಬೇಕಲ್ಲ. ನಾನು ಮನೆಯಲ್ಲಿ ವೀಡಿಯೊ ನೋಡಿಕೊಂಡು ಬಂದಿದ್ದೆ. ಆ ವೀಡಿಯೊದಲ್ಲಿ ಗಾಳಿ ಇರಲಿಲ್ಲ. ಅಕ್ಕನಿಗೆ ಆ ಬಟ್ಟೆಯ ಒಂದೊಂದು ಹೊಲಿಗೆಯೂ ಗೊತ್ತು, ಆದರೆ ಅದು ಎದ್ದು ನಿಂತದ್ದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ! ತೊಳೆದಿದ್ದಳು, ಹೊಲಿದಿದ್ದಳು, ಮಡಚಿ ಕೊಟ್ಟಿದ್ದಳು. ನಿಲ್ಲಿಸುವುದು ಗಂಡನ ಕೆಲಸವಾಗಿತ್ತು. ಹಾಗಾಗಿ ಅವಳಿಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಶುರುಮಾಡಿದಳು. ಗುಡಿಯ ಕಂಬದಿಂದ ಒಂದು ಬಂಡೆಗೆ ಹಗ್ಗ ಕಟ್ಟಿ, ಅದರ ಮೇಲೆ ಟೆಂಟನ್ನು ಒಣಹಾಕಿದಳು. ಸಹ್ಯಾದ್ರಿಯ ನೆತ್ತಿಯ ಮೇಲೆ, ಸುರಿಯುವ ಮಳೆಯಲ್ಲಿ, ಒಣಹಾಕಿದಳು! ನನಗೆ ನಗು ಬಂತು.

ಕೋಲು ಹುಡುಕಿ, ತೂತು ಹುಡುಕಿ, ಒಬ್ಬಳು ಮೂಲೆಯ ಮೇಲೆ ಕೂತು, ಇನ್ನೊಬ್ಬಳು ಕಲ್ಲಿನಲ್ಲಿ ಗೂಟ ಹೊಡೆದು, ಅಂತೂ ಅದನ್ನು ಎಬ್ಬಿಸಿದೆವು. ಕತ್ತಲಾಗುವ ಮೊದಲು ಅದು ಒಂದು ಕಡೆಗೆ ವಾಲಿಕೊಂಡು ನಿಂತಿತು. ಅಕ್ಕ ಒಂದು ಹೆಜ್ಜೆ ಹಿಂದೆ ಸರಿದು ನೋಡಿದಳು.

“ಇಷ್ಟ ಸಣ್ಣದೇನು?”

ನಿಜ. ಹರಡಿದರೆ ನಡುಮನೆಯನ್ನೆಲ್ಲ ನುಂಗುತ್ತಿದ್ದ ಬಟ್ಟೆ, ನಿಂತಾಗ ಒಬ್ಬ ಮನುಷ್ಯ ಕಾಲು ಚಾಚುವಷ್ಟೇ ಇತ್ತು. ಒಳಗೆ ಕೈ ಹಾಕಿ ಅಳೆದು ನೋಡಿ, “ಜಾಗ ಸಾಲೂದಿಲ್ಲ ಅಂತಿದ್ರು. ಖರೇನ ಹೇಳ್ತಿದ್ರು,” ಎಂದಳು.

ಒಬ್ಬರ ಜಾಗದಲ್ಲಿ ನಾವಿಬ್ಬರೂ ತುರುಕಿಕೊಂಡೆವು. ಅವಳ ಮೊಣಕೈ ನನ್ನ ಪಕ್ಕೆಗೆ, ನನ್ನ ಮೊಣಕಾಲು ರೊಟ್ಟಿಯ ಗಂಟಿಗೆ. ಆಗ ಗೊತ್ತಾಯಿತು, ಟೆಂಟು ಸೋರುತ್ತಿದೆ. ಎಲ್ಲಿ ಎಂದು ಕೇಳಬೇಡಿ. ಎಲ್ಲಿ ಸೋರುತ್ತಿಲ್ಲ ಎಂದು ಕೇಳಿದರೆ ಉತ್ತರ ಸುಲಭ: ಅಕ್ಕ ಹಾಕಿದ ತೇಪೆಗಳ ಕೆಳಗೆ ಮಾತ್ರ ಹನಿ ಸ್ವಲ್ಪ ತಡವಾಗಿ ಬೀಳುತ್ತಿತ್ತು. ಆ ರಾತ್ರಿಯ ಬಗ್ಗೆ ಹೆಚ್ಚಿಗೆ ಹೇಳುವಂಥದ್ದಿಲ್ಲ. ಹೊರಗೆ ಮಳೆ ಬೀಳುತ್ತಿತ್ತು, ಒಳಗೂ ಬೀಳುತ್ತಿತ್ತು. ಹೊರಗಿನದು ತಂಪಾಗಿತ್ತು, ಒಳಗಿನದು ಸ್ವಲ್ಪ ಕಿತ್ತಳೆ ಬಣ್ಣದ್ದು. ಅಕ್ಕ ಮಾತ್ರ ಕಣ್ಣು ಬಿಟ್ಟುಕೊಂಡು ಮೇಲೆ ನೋಡುತ್ತಲೇ ಇದ್ದಳು. ಹಿಂಗ ಸೋರ್ತಿತ್ತು ಅಂತ ಅವರು ಒಮ್ಮೆರೆ ಹೇಳಲಿಲ್ಲಲ್ಲ ಎಂದು ನನಗೋ ಟೆಂಟಿಗೋ ಹೇಳಿದಳು. ಇಷ್ಟು ವರ್ಷ ಅವಳು ತಿಳಿದದ್ದು, ಗಂಡ ಮಳೆಯಲ್ಲಿ ಹುಚ್ಚನ ಹಾಗೆ ಬೇಕೆಂದೇ ತೊಯ್ದು ಬರುತ್ತಾರೆ ಎಂದು.

ಬೆಳಕು ಹರಿದಾಗ ಟೆಂಟನ್ನು ಹಿಂಡದೆ, ಹಾಗೆಯೇ ಸುತ್ತಿದಳು. ಅದರ ತೂಕ ಎರಡರಷ್ಟಾಗಿತ್ತು. ಆಗಲೂ ನನಗೆ ಕೊಡಲಿಲ್ಲ. ಜಾರುತ್ತಾ, ಕೂರುತ್ತಾ, ಕೆಲವೆಡೆ ಕೂತೇ ಜಾರುತ್ತಾ ಇಳಿದೆವು.

ಚಹದಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಮಾವಶಿ ಒಲೆಯ ಹತ್ತಿರ ನಮ್ಮನ್ನು ಕೂರಿಸಿ, ಚಹ ಕೊಟ್ಟು, ಆಮೇಲೆ ಅಕ್ಕನ ಬೆನ್ನಿನ ಗಂಟನ್ನು ಸರಿಯಾಗಿ ನೋಡಿದಳು. ಜರಿಯಂಚಿನ ತೇಪೆಯನ್ನು ಬೆರಳಲ್ಲಿ ಮುಟ್ಟಿದಳು. ಇದು ತಳೇಗಾಂವದ ಕಾರ್ಖಾನೆಯ ಆ ಕಾನಡಿ ದಾದಾನದ್ದಲ್ಲವೇ, ಆ ಕನ್ನಡದ ಅಣ್ಣನದ್ದು, ಈ ವರ್ಷ ಯಾಕೆ ಬರಲಿಲ್ಲ ಎಂದು ಕೇಳಿದಳು.

ಅಕ್ಕ ಹೇಳಿದಳು. ಮರಾಠಿಯಲ್ಲಿ, ಒಂದೇ ವಾಕ್ಯದಲ್ಲಿ.

ಮಾವಶಿ ಒಲೆಯ ಮುಂದೆ ಕುಕ್ಕರಿಸಿ ಕೂತುಬಿಟ್ಟಳು. ಸೆರಗಿನಿಂದ ಮೂಗು ಒರೆಸಿಕೊಂಡು ಅವಳು ಹೇಳಿದ್ದು ಇಷ್ಟು: ದಾದಾ ಪ್ರತಿ ಭಾನುವಾರ ಬೆಳಗ್ಗೆ ಹೀಗೇ ತೊಪ್ಪೆಯಾಗಿ ಇಳಿದು ಬಂದು ಇದೇ ಜಾಗದಲ್ಲಿ ಕೂರುತ್ತಿದ್ದ. ಗುಡ್ಡಕ್ಕೆ ಬರುವ ಹುಡುಗರು ಟೆಂಟು ನೋಡಿ ನಗುತ್ತಿದ್ದರು. ಸೋಪು ಹಾಕಿ ತಿಕ್ಕಿದರೆ ನೀರು ತಡೆಯುವ ಲೇಪವೆಲ್ಲ ಹೋಗುತ್ತದೆ, ಇದನ್ನು ತೊಳೆಯಲೇಬಾರದು ಎಂದು ಅವರೇ ತಿಳಿಸಿ ಹೇಳಿದ್ದರು. ಹಾಗಾದರೆ ಹೆಂಡತಿಗೆ ಹೇಳಬಾರದೇ ಎಂದು ಮಾವಶಿ ತಾನೂ ಕೇಳಿದ್ದಳು. ಅದಕ್ಕೆ ದಾದಾ ನಕ್ಕು, ಬೈಯುತ್ತಾಳೆ, ಆದರೂ ಎಷ್ಟು ಜೀವ ಇಟ್ಟು ತೊಳೆಯುತ್ತಾಳೆ ಗೊತ್ತಾ, ಹೇಳಿದರೆ ಅವಳ ಕೈ ನಿಂತುಬಿಡುತ್ತದೆ, ನೀರು ಬಿದ್ದರೆ ಬೀಳಲಿ ಎಂದಿದ್ದ.

ಅಕ್ಕನ ಚಹದ ಲೋಟ ಕೈಯಲ್ಲೇ ಉಳಿಯಿತು.

“ಅಂದ್ರ ಅವರನ್ನ ತೊಯ್ಸಿದಾಕಿ ನಾನೇ,” ಎಂದಳು ನನಗೆ ಕನ್ನಡದಲ್ಲಿ. ಆಮೇಲೆ ಮಾವಶಿಯ ಕಡೆ ತಿರುಗಿ, ಇದರಿಂದಲೇ ಅವರಿಗೆ ಏನಾದರೂ ಆಯಿತೇ, ಕೆಮ್ಮುತ್ತಿದ್ದರೇ, ನಡುಗುತ್ತಿದ್ದರೇ ಎಂದು ಒಂದರ ಮೇಲೊಂದು ಕೇಳಿದಳು. ಅವಳ ದನಿ ಹಾಗೆ ಒಡೆದದ್ದನ್ನು ನಾನು ಭಾವ ಹೋದ ದಿನವೂ ಕೇಳಿರಲಿಲ್ಲ. ಡಾಕ್ಟರು ಹೇಳಿದ್ದು ಹೃದಯ ಅಕ್ಕಾ, ಮಳೆಯಲ್ಲ ಎಂದು ನಾನು ಎರಡೆರಡು ಸಲ ಹೇಳಿದೆ. ಮಾವಶಿ ಅವಳ ಮೊಣಕಾಲ ಮೇಲೆ ಕೈಯಿಟ್ಟು, ಒಂದು ಸೀನನ್ನೂ ಸೀನಿದವನಲ್ಲ, ಎರಡು ಚಹ ಕುಡಿದು ರಾಜನ ಹಾಗೆ ಮನೆಗೆ ಹೊರಡುತ್ತಿದ್ದ ಎಂದಳು. ಭಾನುವಾರ ಮನೆಗೆ ಹೋಗುವ ಆತುರ ಅವನಿಗೆ ಎಷ್ಟಿತ್ತೆಂದರೆ ಮಳೆ ನಿಲ್ಲುವವರೆಗೂ ಕಾಯುತ್ತಿರಲಿಲ್ಲವಂತೆ.

ಆಗ ಅಕ್ಕ ಅತ್ತಳು. ಬೇರೆಯವರ ಅಂಗಡಿ, ಒಲೆಯ ಹೊಗೆ, ದೊಡ್ಡ ಬೂಟು, ಒದ್ದೆ ರೇನ್‌ಕೋಟು; ಚಳಿಗಾಲದಿಂದ ಮಳೆಗಾಲದವರೆಗೆ ಹೊಲಿಗೆ ಯಂತ್ರದ ಸದ್ದಿನಡಿ ಅದುಮಿಟ್ಟದ್ದೆಲ್ಲ ಅಲ್ಲಿ ಬಂತು. ಮಾವಶಿ ಇನ್ನೊಂದು ಚಹಕ್ಕೆ ನೀರಿಟ್ಟಳು. ನಾನು ಸುಮ್ಮನೆ ಅವಳ ಬೆನ್ನ ಮೇಲಿನ ಟೆಂಟಿಗೆ ಕೈಯಿಟ್ಟುಕೊಂಡು ಕೂತೆ. ದುಃಖದ ಹೊತ್ತಿನಲ್ಲಿ ಏನು ಮಾಡಬೇಕೆಂದು ನನಗೆ ಯಾವತ್ತೂ ತಿಳಿದಿಲ್ಲ.

ಮಧ್ಯಾಹ್ನ ಮನೆ ಸೇರಿದೆವು. ಅಕ್ಕ ಟೆಂಟು ಬಿಚ್ಚಿ ಬಚ್ಚಲಲ್ಲಿ ಹಾಕಿದಳು. ಮಣ್ಣು, ಹುಲ್ಲು, ಮಂಜು, ಒಲೆಯ ಹೊಗೆ, ಎಲ್ಲ ಸೇರಿದ ಒಂದು ವಾಸನೆ ಮನೆಯ ತುಂಬ ಎದ್ದಿತು. ಅವಳು ಕಣ್ಣು ಮುಚ್ಚಿದಳು. “ಬಂತು,” ಎಂದಳು. ಬಂತು ನಿಜ. ನನಗೂ ಗೊತ್ತಾಯಿತು. ಹಳೆಯ ಭಾನುವಾರಗಳೆಲ್ಲ ಆ ಬಚ್ಚಲ ಬಾಗಿಲಲ್ಲಿ ಬಂದು ನಿಂತ ಹಾಗಿತ್ತು, ಚಹದ ಕಪ್ಪು ಹಿಡಿದ ಒಬ್ಬರನ್ನು ಬಿಟ್ಟು.

ಸೀರೆಯನ್ನು ಮೇಲೆ ಸಿಕ್ಕಿಸಿ, ಬಕೀಟು ತುಂಬಿ, ಅಕ್ಕ ಸೋಪಿನ ಪುಡಿಯ ಡಬ್ಬಿಗೆ ಕೈ ಹಾಕಿದಳು. ಮುಷ್ಟಿ ತುಂಬಿತು. ಕೈ ಬಕೀಟಿನ ಮೇಲೆ ಬಂತು. ಮತ್ತು ನಿಂತಿತು.

ಭಾವ ಅಷ್ಟು ವರ್ಷ ಹೆದರಿದ್ದು ಇದಕ್ಕೇ. ನನಗೆ ನೋಡಲಾಗಲಿಲ್ಲ. ಇವತ್ತು ಬರೀ ನೀರಿನಲ್ಲಿ ಅದ್ದಿ ತೆಗೆಯಿರಿ ಅಕ್ಕಾ, ಇನ್ನೂ ಸೋರುವ ಹಾಗೆ ಯಾಕೆ ಮಾಡುತ್ತೀರಿ ಎಂದೆ.

“ಈಗ ನಾ ಕೈ ನಿಲ್ಲಿಸಿದ್ರ, ಅವರು ಅಷ್ಟ ವರ್ಷ ತೊಯ್ದದ್ದು ದಂಡ ಆಗ್ತದ ತಂಗಿ,” ಎಂದು ಅಕ್ಕ ಮುಷ್ಟಿ ಬಿಚ್ಚಿದಳು. ಇನ್ನೊಂದು ಮುಷ್ಟಿಯನ್ನೂ ಹಾಕಿ, ಬ್ರಶ್ಶು ತೆಗೆದುಕೊಂಡು, ಮೊದಲಿನ ಹಾಗೇ ತಿಕ್ಕತೊಡಗಿದಳು.

ನಾನು ಕೆಳಗೆ ಬಂದು ಒದ್ದೆ ಬಟ್ಟೆ ಬದಲಿಸಿದೆ. ಸಂಜೆಗೆ ಬಾಲ್ಕನಿಯಲ್ಲಿ ಒಣಗಲು ಹಾಕಿದ್ದ ನನ್ನ ಬಟ್ಟೆಗಳ ಮೇಲೆ ತೊಟತೊಟ ನೀರು ಬೀಳತೊಡಗಿತು. ನಾನು ಅವನ್ನು ತೆಗೆಯಲಿಲ್ಲ.